ಮೂಳೆಗೆ ಒಗ್ಗಬೇಕು, ಲೋಹಕ್ಕೂ ಅಂಟಬೇಕು

ಓದುಗರ ಪ್ರಶ್ನೆಗಳು: ವಸ್ತು ಮತ್ತು ದೇಹ

ಕೀಲು ಬದಲಾವಣೆಗೆ ಬಳಸುವ ಲೋಹಗಳ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬರೆದ ಮೇಲೆ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯದ ಸುತ್ತ ಇವೆ. ಆ ಲೋಹದ ಮೇಲೆ ಹಚ್ಚುವ ಸೆರಾಮಿಕ್ ಲೇಪ ದೇಹಕ್ಕೆ ಒಗ್ಗುತ್ತದೆಯೇ, ಅದಕ್ಕೆ ಹೆಚ್ಚು ಹಣ ಕೊಡುವುದು ಸರಿಯೇ ಎಂದು ಜನ ಕೇಳಿದ್ದಾರೆ. ನಾನು ವೈದ್ಯೆಯಲ್ಲ. ಲೋಹಶಾಸ್ತ್ರ ಓದಿ, ಪೀಣ್ಯದ ಲೇಪನ ಘಟಕವೊಂದರಲ್ಲಿ ಪ್ಲಾಸ್ಮಾ ಗನ್ನಿನ ಪಕ್ಕದಲ್ಲಿ, ಆಮೇಲೆ ಅಲ್ಲಿನ ಪರೀಕ್ಷಾ ವಿಭಾಗದಲ್ಲಿ ದುಡಿದವಳು. ಯಾರಿಗೆ ಯಾವ ಕೀಲು ಎಂಬುದನ್ನು ನಿಮ್ಮ ವೈದ್ಯರೇ ಹೇಳಬೇಕು. ಲೇಪ ಹೇಗೆ ಕೂರುತ್ತದೆ, ಹೇಗೆ ಕೆಡುತ್ತದೆ ಎಂಬುದನ್ನು ನಾನು ಹೇಳಬಲ್ಲೆ.

ಪ್ರಶ್ನೆ: ನನ್ನ ಸೊಂಟದ ಕೀಲು ಸವೆದಿದೆ. ಸಿಮೆಂಟ್ ಇಲ್ಲದೆ ಕೂರಿಸುವ ಟೈಟೇನಿಯಂ ಕೀಲು, ಅದರ ಮೇಲೆ ಸೆರಾಮಿಕ್ ಲೇಪ ಇರುತ್ತದೆ ಎಂದು ವೈದ್ಯರು ಹೇಳಿದ್ದಾರೆ. ಲೋಹದ ಮೇಲೆ ಬಳಿದ ಪಿಂಗಾಣಿ ಚಕ್ಕೆ ಏಳುವುದಿಲ್ಲವೇ? ಕರಗಿ ರಕ್ತಕ್ಕೆ ಸೇರಿದರೆ ಗತಿ ಏನು?
– ನಿವೃತ್ತ ಶಿಕ್ಷಕರು, ಹಾಸನ

ಮೇಷ್ಟರೇ, ನಿಮ್ಮ ಎರಡು ಭಯಗಳಲ್ಲಿ ಮೊದಲನೆಯದು ನ್ಯಾಯವಾದದ್ದು, ಚಕ್ಕೆ ಏಳಲೇಬಾರದು. ಎರಡನೆಯದನ್ನು ಬಿಟ್ಟುಬಿಡಿ, ಏಕೆಂದರೆ ಈ ಲೇಪ ಸ್ವಲ್ಪ ಕರಗಿದರೇನೇ ಕೆಲಸ ಮಾಡುವುದು.

ನಿಮ್ಮ ವೈದ್ಯರು ಹೇಳಿದ ಲೇಪ ಬಹುತೇಕ ಹೈಡ್ರಾಕ್ಸಿಅಪಟೈಟ್ ಆಗಿರುತ್ತದೆ. ಇದೊಂದು ಕ್ಯಾಲ್ಸಿಯಂ ಫಾಸ್ಫೇಟ್; ಹತ್ತು ಕ್ಯಾಲ್ಸಿಯಂ ಪರಮಾಣುಗಳಿಗೆ ಆರು ರಂಜಕದ ಪರಮಾಣುಗಳು. ನಮ್ಮ ಮೂಳೆಯ ತೂಕದಲ್ಲಿ ಸುಮಾರು ಮೂರನೇ ಎರಡು ಭಾಗ ಇದೇ ಜಾತಿಯ ಖನಿಜ. ಮೂಳೆಯಲ್ಲಿರುವುದಕ್ಕೆ ಸ್ವಲ್ಪ ಕಾರ್ಬೊನೇಟ್ ಸೇರಿರುತ್ತದೆ, ಹರಳುಗಳು ಅತಿ ಸಣ್ಣವಾಗಿರುತ್ತವೆ, ಅಷ್ಟೇ ವ್ಯತ್ಯಾಸ. ಹಾಗಾಗಿ ಅದು ಕರಗಿದಾಗ ಹೊರಬರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ದೇಹಕ್ಕೆ ಹೊಸದೇನಲ್ಲ.

ಹಾಗಾದರೆ ಟೈಟೇನಿಯಂ ತಾನಾಗಿ ಒಗ್ಗುವುದಿಲ್ಲವೇ ಎಂದರೆ, ಚೆನ್ನಾಗಿಯೇ ಒಗ್ಗುತ್ತದೆ. ಗಾಳಿ ಸೋಕಿದ ಕೂಡಲೇ ಅದರ ಮೈಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರ ಹುಟ್ಟಿಕೊಳ್ಳುತ್ತದೆ, ಆ ಪದರವೇ ಲೋಹವನ್ನು ಕಾಯುತ್ತದೆ. ಸ್ವೀಡನ್ನಿನ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೊಲದ ಮೂಳೆಯೊಳಗೆ ಟೈಟೇನಿಯಂ ಕೊಳವೆ ಇಟ್ಟು ರಕ್ತಸಂಚಾರ ನೋಡುತ್ತಿದ್ದರು. ಕೊನೆಗೆ ಕೊಳವೆ ತೆಗೆಯಲು ಹೋದರೆ ಮೂಳೆ ಅದನ್ನು ಬಿಟ್ಟುಕೊಡಲಿಲ್ಲ. ಇವತ್ತಿನ ಹಲ್ಲಿನ ಇಂಪ್ಲಾಂಟ್‌ಗಳೆಲ್ಲ ಆ ಮೊಲದ ಕಾಲಿನಿಂದ ಹುಟ್ಟಿದವು. ಬರಿಯ ಟೈಟೇನಿಯಂಗೆ ಇರುವ ತೊಂದರೆ ಎರಡು. ಮೂಳೆ ಅದರ ಹತ್ತಿರ ಬರಲು ಹೆಚ್ಚು ಕಾಲ ಬೇಕು. ಮತ್ತು ಮೂಳೆಗೂ ಲೋಹಕ್ಕೂ ನಡುವೆ ಸಂದು ಉಳಿದಿದ್ದರೆ, ಅಥವಾ ಹೆಜ್ಜೆ ಇಟ್ಟಾಗ ಲೋಹ ಸ್ವಲ್ಪ ಅಲುಗಾಡುತ್ತಿದ್ದರೆ, ಅಲ್ಲಿ ಮೂಳೆಯ ಬದಲು ನಾರಿನಂಥ ಅಂಗಾಂಶ ಬೆಳೆಯುತ್ತದೆ. ನಾರು ಬೆಳೆದ ಕೀಲು ಸಡಿಲವಾಗುತ್ತದೆ, ನೋವು ಕೊಡುತ್ತದೆ.

ಈ ವಿಷಯದಲ್ಲಿ ಡೆನ್ಮಾರ್ಕಿನ ಸೋಬಾಲ್ಲೆ ನಾಯಿಗಳ ಮೇಲೆ ಮಾಡಿದ ಪ್ರಯೋಗಗಳನ್ನು ನಾನು ತುಂಬ ಗೌರವಿಸುತ್ತೇನೆ. ಬೇಕೆಂದೇ ಸಂದು ಬಿಟ್ಟು, ಬೇಕೆಂದೇ ಅಲುಗಾಡುವಂತೆ ಮಾಡಿ, ಲೇಪವಿದ್ದ ಮತ್ತು ಇಲ್ಲದ ತುಣುಕುಗಳನ್ನು ಅವರು ಹೋಲಿಸಿದರು. 150 ಮೈಕ್ರಾನಿನಷ್ಟು (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಅಲುಗಾಟ ಇದ್ದ ಕಡೆ ಮೊದಲು ಬೆಳೆದ ನಾರು ಕೂಡ, ಹೈಡ್ರಾಕ್ಸಿಅಪಟೈಟ್ ಲೇಪವಿದ್ದರೆ, ಕ್ರಮೇಣ ಮೂಳೆಗೆ ಎಡೆ ಬಿಟ್ಟುಕೊಟ್ಟಿತು. ಶಸ್ತ್ರಚಿಕಿತ್ಸೆಯಲ್ಲಿ ತೊಡೆಮೂಳೆಯ ಪೊಳ್ಳನ್ನು ಎಷ್ಟೇ ನಾಜೂಕಾಗಿ ಕೊರೆದರೂ ಎಲ್ಲ ಕಡೆಯೂ ಲೋಹ ಮೂಳೆಗೆ ತಾಗಿ ಕೂರುವುದಿಲ್ಲ. ಅಂಥ ಜಾಗಗಳಲ್ಲಿ ಈ ಲೇಪ ನಿಜಕ್ಕೂ ಉಪಕಾರಿ.

ಮೈಯೊಳಗೆ ನಡೆಯುವುದು ಇಷ್ಟು. ಲೇಪದ ಮೇಲ್ಮೈ ಸ್ವಲ್ಪ ಕರಗಿ ಸುತ್ತಲಿನ ದ್ರವದಲ್ಲಿ ಕ್ಯಾಲ್ಸಿಯಂ, ಫಾಸ್ಫೇಟ್ ಹೆಚ್ಚುತ್ತವೆ. ಅವು ಮತ್ತೆ ಅದೇ ಮೈಮೇಲೆ ಮೂಳೆಯ ಖನಿಜದಂಥ ತೆಳು ಪದರವಾಗಿ ಕೂರುತ್ತವೆ. ಅದರ ಮೇಲೆ ರಕ್ತದ ಪ್ರೋಟೀನುಗಳು ಹಿಡಿದುಕೊಳ್ಳುತ್ತವೆ, ಆ ಪ್ರೋಟೀನುಗಳನ್ನು ಹಿಡಿದು ಮೂಳೆ ಕಟ್ಟುವ ಕೋಶಗಳು ಬರುತ್ತವೆ. ಕೆಲವು ವಾರಗಳಲ್ಲಿ ಹೊಸ ಮೂಳೆ ಲೇಪಕ್ಕೆ ನೇರವಾಗಿ ಬೆಸೆದುಕೊಳ್ಳುತ್ತದೆ. ಲಂಡನ್ನಿನ ಶಸ್ತ್ರವೈದ್ಯ ರೊನಾಲ್ಡ್ ಫರ್ಲಾಂಗ್ ಈ ಲೇಪವಿದ್ದ ಸೊಂಟದ ಕೀಲನ್ನು ರೋಗಿಗಳಿಗೆ ಹಾಕಲು ಆರಂಭಿಸಿದ್ದು 1985ರಲ್ಲಿ. ಮರುವರ್ಷ ನೆದರ್‌ಲ್ಯಾಂಡ್ಸ್‌ನಲ್ಲಿ ಗೀಸಿಂಕ್ ಆರಂಭಿಸಿದರು. ಅಂದರೆ ಇದು ನಿನ್ನೆ ಮೊನ್ನೆಯ ಪ್ರಯೋಗವಲ್ಲ.

ಇನ್ನು ಚಕ್ಕೆ ಏಳುವ ಮಾತು. ಇದಕ್ಕೆ ಉತ್ತರ ಪುಡಿಯ ಹೆಸರಿನಲ್ಲಿ ಇಲ್ಲ, ಅದನ್ನು ಹಚ್ಚುವ ಕೆಲಸದಲ್ಲಿ ಇದೆ. ಆ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ಟೈಟೇನಿಯಂ ಕಾಂಡದ, ಅಂದರೆ ತೊಡೆಮೂಳೆಯೊಳಗೆ ಇಳಿಯುವ ಕೀಲಿನ ಭಾಗದ, ನುಣುಪು ಮೈಗೆ ಅಲ್ಯೂಮಿನಾ ಹರಳುಗಳನ್ನು ಗಾಳಿಯ ಒತ್ತಡದಲ್ಲಿ ಎರಚಿ ತರಿತರಿ ಮಾಡುತ್ತಾರೆ. ನಂತರ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ತೊಳೆಯುತ್ತಾರೆ. ಲೋಹದಲ್ಲಿ ನಾಟಿಕೊಂಡ ಅಲ್ಯೂಮಿನಾ ಚೂರು ಉಳಿದರೆ ಆ ಜಾಗದಲ್ಲಿ ಲೇಪದ ಹಿಡಿತ ಸಡಿಲ. ಆಮೇಲೆ ಶಬ್ದ ತಡೆಯುವ ಕೋಣೆಯೊಳಗೆ ಗನ್ ಹೊತ್ತಿಕೊಳ್ಳುತ್ತದೆ. ಆರ್ಗಾನ್ ಮತ್ತು ಹೈಡ್ರೋಜನ್ ಅನಿಲ ಟಂಗ್‌ಸ್ಟನ್ ಕಡ್ಡಿಗೂ ತಾಮ್ರದ ಬಾಯಿಗೂ ನಡುವಿನ ವಿದ್ಯುತ್ ಚಾಪವನ್ನು ಹಾಯ್ದು ಬರುವಾಗ ಅದರ ತಾಪ 10,000 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಕಪ್ಪು ಗಾಜಿಲ್ಲದೆ ಅದನ್ನು ನೋಡುವಂತಿಲ್ಲ, ಕಿವಿಗವಸು ಇಲ್ಲದೆ ಪಕ್ಕದಲ್ಲಿ ನಿಲ್ಲುವಂತಿಲ್ಲ. ಆ ಜ್ವಾಲೆಗೆ ಬಿಳಿ ಪುಡಿಯನ್ನು ಊದುತ್ತಾರೆ. ಒಂದೊಂದು ಕಣವೂ ಅಲ್ಲಿರುವುದು ಸೆಕೆಂಡಿನ ಸಾವಿರದ ಒಂದೆರಡು ಭಾಗದಷ್ಟು ಹೊತ್ತು ಮಾತ್ರ. ಅಷ್ಟರಲ್ಲಿ ಅದು ಮೈ ಕರಗಿ, ಕಾವಲಿಗೆ ಬಿದ್ದ ದೋಸೆ ಹಿಟ್ಟಿನ ಹನಿಯಂತೆ, ಲೋಹದ ಮೇಲೆ ಚಪ್ಪಟೆಯಾಗಿ ಬಿದ್ದು ಗಟ್ಟಿಯಾಗುತ್ತದೆ. ಹೀಗೆ ಪದರದ ಮೇಲೆ ಪದರ ಬಿದ್ದು ಸಾಮಾನ್ಯವಾಗಿ 50ರಿಂದ 150 ಮೈಕ್ರಾನ್ ದಪ್ಪವಾಗುತ್ತದೆ. ವಿಮಾನದ ಎಂಜಿನ್ನಿನ ಅಲಗುಗಳಿಗೆ ಜಿರ್ಕೋನಿಯಾ ಲೇಪ ಹಚ್ಚುವುದೂ ಇದೇ ವಿಧಾನದಲ್ಲಿ. ಬೆಂಗಳೂರಿನಲ್ಲಿ ಈ ಕೆಲಸ ಬಲ್ಲ ಕೈಗಳಿಗೆ ಮೂಳೆಯ ಕೆಲಸ ಅಷ್ಟು ದೂರದ್ದೇನಲ್ಲ.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಕಡಿಮೆ ಕಾದರೆ ಕಣ ಕರಗದೆ ಉದುರುತ್ತದೆ. ಹೆಚ್ಚು ಕಾದರೆ ಹೈಡ್ರಾಕ್ಸಿಅಪಟೈಟ್ ತನ್ನೊಳಗಿನ ನೀರಿನ ಅಂಶ ಕಳೆದುಕೊಂಡು ಒಡೆಯುತ್ತದೆ, ಬೇರೆ ಬೇರೆ ಫಾಸ್ಫೇಟುಗಳಾಗುತ್ತದೆ, ಇನ್ನೂ ಕಾದರೆ ಕ್ಯಾಲ್ಸಿಯಂ ಆಕ್ಸೈಡ್ ಆಗುತ್ತದೆ. ಕ್ಯಾಲ್ಸಿಯಂ ಆಕ್ಸೈಡ್ ಎಂದರೆ ಬೇರೇನೂ ಅಲ್ಲ, ಸುಟ್ಟ ಸುಣ್ಣ. ಅದಕ್ಕೆ ನೀರು ಬಿದ್ದರೆ ಏನಾಗುತ್ತದೆ ಎಂದು ಮನೆಗೆ ಸುಣ್ಣ ಬಳಿದವರಿಗೆಲ್ಲ ಗೊತ್ತು: ಬಿಸಿಯೇರಿ ಉಬ್ಬಿ ಅರಳುತ್ತದೆ. ಲೇಪದೊಳಗೆ ಅಂಥ ಕಣ ಉಳಿದರೆ ಸುತ್ತಲಿನ ಪದರ ಸಡಿಲವಾಗುತ್ತದೆ. ಎಕ್ಸ್-ರೇ ವಿವರ್ತನದ (ಹರಳುಗಳಿಂದ ಕಿರಣ ಬಾಗುವ ಕೋನ ನೋಡಿ ವಸ್ತುವನ್ನು ಗುರುತಿಸುವ ಪರೀಕ್ಷೆ) ಚಿತ್ರದಲ್ಲಿ 37 ಡಿಗ್ರಿ ಕೋನದ ಆಚೆ ಸಣ್ಣದೊಂದು ಶಿಖರ ಎದ್ದರೆ ಸುಣ್ಣ ಇದೆ ಎಂದು ಅರ್ಥ. ನಮ್ಮ ಘಟಕದಲ್ಲಿ ಆ ಶಿಖರ ಕಂಡ ದಿನ ಇಡೀ ಬ್ಯಾಚಿನ ತುಣುಕುಗಳು ಪಕ್ಕಕ್ಕೆ ಹೋಗುತ್ತಿದ್ದವು. ಗನ್ನಿನ ಕರೆಂಟು, ಹೈಡ್ರೋಜನ್ ಪ್ರಮಾಣ, ಗನ್ನಿಗೂ ತುಣುಕಿಗೂ ಇರುವ ಅಂತರ, ಎಲ್ಲವನ್ನೂ ಮತ್ತೆ ಹೊಂದಿಸಬೇಕಾಗುತ್ತಿತ್ತು.

ಇನ್ನೊಂದು ಒತ್ತಡ ತಣ್ಣಗಾಗುವಾಗ ಬರುತ್ತದೆ. ಬಿಸಿಗೆ ಹಿಗ್ಗುವುದರಲ್ಲಿ ಹೈಡ್ರಾಕ್ಸಿಅಪಟೈಟ್ ಟೈಟೇನಿಯಂಗಿಂತ ಮುಂದು. ತಣ್ಣಗಾಗುವಾಗ ಅದು ಲೋಹಕ್ಕಿಂತ ಹೆಚ್ಚು ಕುಗ್ಗಲು ನೋಡುತ್ತದೆ, ಲೋಹ ಬಿಡುವುದಿಲ್ಲ. ಹಾಗಾಗಿ ಲೇಪ ಹುಟ್ಟಿನಿಂದಲೇ ಎಳೆತದಲ್ಲಿ ಇರುತ್ತದೆ. ದಪ್ಪ ಹೆಚ್ಚಿದಷ್ಟೂ ಬಿರುಕಿನ ಅಪಾಯ ಹೆಚ್ಚು. ಹೆಚ್ಚು ದಪ್ಪ ಎಂದರೆ ಹೆಚ್ಚು ಒಳ್ಳೆಯದು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಅಂಟು ಎಷ್ಟಿದೆ ಎಂದು ನೋಡುವ ಬಗೆ ಸರಳವಾದದ್ದು, ಕ್ರೂರವಾದದ್ದು. 25 ಮಿಲಿಮೀಟರ್ ವ್ಯಾಸದ ಲೋಹದ ದುಂಡು ತುಂಡಿನ ಮುಖಕ್ಕೆ ಲೇಪ ಹಚ್ಚಿ, ಎಪಾಕ್ಸಿ ಅಂಟಿನಿಂದ ಇನ್ನೊಂದು ತುಂಡನ್ನು ಅದಕ್ಕೆ ಜೋಡಿಸಿ, ಒಲೆಯಲ್ಲಿ ಅಂಟು ಗಟ್ಟಿಯಾದ ಮೇಲೆ ಯಂತ್ರದಲ್ಲಿ ಎರಡನ್ನೂ ಎಳೆಯುತ್ತೇವೆ. ಅಂತರರಾಷ್ಟ್ರೀಯ ಮಾನದಂಡ ಕೇಳುವುದು ಕನಿಷ್ಠ 15 ಮೆಗಾಪಾಸ್ಕಲ್. ಆ ಪುಟ್ಟ ಮುಖಕ್ಕೆ ಲೆಕ್ಕ ಹಾಕಿದರೆ ಸುಮಾರು 750 ಕಿಲೋ ತೂಕ ನೇತುಹಾಕಿದಷ್ಟು ಎಳೆತ. ಟಪ್ ಎಂದು ಬಿಟ್ಟಾಗ ನಾನು ಮೊದಲು ನೋಡುತ್ತಿದ್ದದ್ದು ಯಂತ್ರದ ಸಂಖ್ಯೆಯನ್ನಲ್ಲ, ಬಿಟ್ಟ ಎರಡು ಮುಖಗಳನ್ನು. ಎರಡರಲ್ಲೂ ಬಿಳಿ ಉಳಿದಿದ್ದರೆ ಲೇಪ ತನ್ನೊಳಗೇ ಮುರಿದಿದೆ, ಲೋಹವನ್ನು ಬಿಟ್ಟಿಲ್ಲ. ಒಂದು ಕಡೆ ಲೋಹದ ಬೂದು ಬಣ್ಣ ಹೊಳೆಯುತ್ತಿದ್ದರೆ ಲೇಪ ಬುಡಸಮೇತ ಎದ್ದಿದೆ. ಸಂಖ್ಯೆ ಪಾಸಾದರೂ ಅಂಥ ಮುಖವನ್ನು ಕಂಡರೆ ನನಗೆ ಸಮಾಧಾನ ಇರುತ್ತಿರಲಿಲ್ಲ.

ಏಕೆಂದರೆ ಚಕ್ಕೆ ಎದ್ದ ಸೆರಾಮಿಕ್ ಒಳ್ಳೆಯ ಸೆರಾಮಿಕ್ ಆಗಿ ಉಳಿಯುವುದಿಲ್ಲ. ಲೋಹಕ್ಕೆ ಅಂಟಿಕೊಂಡಿದ್ದಾಗ ಮೂಳೆಯನ್ನು ಕರೆದ ಅದೇ ವಸ್ತು, ಕೆಲವು ಮೈಕ್ರಾನಿನ ಪುಡಿಯಾದಾಗ ದೇಹದ ಭಕ್ಷಕ ಕೋಶಗಳ ಬಾಯಿಗೆ ಬೀಳುತ್ತದೆ. ಅವು ಅದನ್ನು ನುಂಗಿ ಉರಿಯೂತದ ಸಂಕೇತ ಕಳುಹಿಸುತ್ತವೆ, ಆ ಸಂಕೇತಕ್ಕೆ ಸುತ್ತಲಿನ ಮೂಳೆ ಕರಗತೊಡಗುತ್ತದೆ. ಪುಡಿ ಕೀಲಿನ ಬಟ್ಟಲಿನ (ಸೊಂಟದ ಮೂಳೆಯ ಕಡೆ ಕೂರುವ ಭಾಗ) ಪಾಲಿಎಥಿಲೀನ್ ಪ್ಲಾಸ್ಟಿಕ್ ಒಳಗೆ ಸಿಕ್ಕಿಕೊಂಡರೆ ಅದನ್ನು ಸವೆಸುತ್ತದೆ.

ಮುಂದೆ ವರ್ಷಗಳು ಕಳೆದಂತೆ ಲೇಪಕ್ಕೆ ಏನಾಗುತ್ತದೆ? ಮೂಳೆ ಸದಾ ತನ್ನನ್ನು ಒಡೆದು ಕಟ್ಟಿಕೊಳ್ಳುತ್ತಿರುತ್ತದೆ, ಒಡೆಯುವ ಕೋಶಗಳು ಈ ಲೇಪವನ್ನೂ ಮೂಳೆ ಎಂದೇ ತಿಳಿದು ನಿಧಾನವಾಗಿ ತಿನ್ನುತ್ತವೆ. ಬೇರೆ ಕಾರಣಕ್ಕೆ ತೀರಿಕೊಂಡ ರೋಗಿಗಳಿಂದ ಪಡೆದ ಕೀಲುಗಳನ್ನು ಪರೀಕ್ಷಿಸಿದವರು ಲೇಪ ತೆಳುವಾಗಿರುವುದನ್ನು, ಕೆಲವು ಕಡೆ ಪೂರ್ತಿ ಹೋಗಿರುವುದನ್ನು, ಆ ಜಾಗದಲ್ಲಿ ಮೂಳೆ ನೇರವಾಗಿ ಟೈಟೇನಿಯಂಗೆ ಒತ್ತಿಕೊಂಡಿರುವುದನ್ನು ಕಂಡಿದ್ದಾರೆ. ಅದು ಸೋಲಲ್ಲ. ಲೇಪದ ಕೆಲಸ ಮೊದಲ ತಿಂಗಳುಗಳದ್ದು. ಆದ್ದರಿಂದಲೇ ಕೆಳಗಿನ ಲೋಹವೂ ಅದರ ತರಿಯೂ ಸ್ವತಃ ಒಳ್ಳೆಯದಿರಬೇಕು.

ಕೊನೆಯ ಮಾತು, ಇದನ್ನು ಮಾರಾಟಗಾರರು ಹೇಳುವುದಿಲ್ಲ. ಕೀಲು ಹಾಕಿಸಿಕೊಂಡ ಎಲ್ಲರ ದಾಖಲೆ ಇಡುವ ದೇಶಗಳ ಲೆಕ್ಕದಲ್ಲಿ, ತೊಡೆಯೊಳಗಿನ ಕಾಂಡಕ್ಕೆ ಲೇಪವಿದ್ದರೂ ಇಲ್ಲದಿದ್ದರೂ ಮರುಶಸ್ತ್ರಚಿಕಿತ್ಸೆಯ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಂಡಿಲ್ಲ. ಮೇಲಿನ ಬಟ್ಟಲಿನ ವಿಷಯದಲ್ಲಂತೂ, ಸ್ವೀಡನ್ನಿನ ದಾಖಲೆಗಳನ್ನು ನೋಡಿದ 2010ರ ಅಧ್ಯಯನದಲ್ಲಿ ಲೇಪವಿದ್ದ ಬಟ್ಟಲುಗಳೇ ಹೆಚ್ಚು ಸಡಿಲವಾಗಿದ್ದವು. ಅದೇ ಪುಡಿ, ಎರಡು ಜಾಗ, ಎರಡು ಫಲ. ಹಾಗಾಗಿ ವೈದ್ಯರನ್ನು ನೀವು ಕೇಳಬೇಕಾದ್ದು ಲೇಪ ಇದೆಯೇ ಎಂದಲ್ಲ. ಇದೇ ಮಾದರಿಯ ಕೀಲು, ಇದೇ ಲೇಪದೊಂದಿಗೆ, ಎಷ್ಟು ವರ್ಷಗಳ ದಾಖಲೆ ಹೊಂದಿದೆ ಎಂದು ಕೇಳಿ. ಒಳ್ಳೆಯ ವೈದ್ಯರು ಆ ಪ್ರಶ್ನೆಗೆ ಸಂತೋಷದಿಂದ ಉತ್ತರಿಸುತ್ತಾರೆ.

ಪ್ರಶ್ನೆ: ಈ ಪುಡಿಯನ್ನು ದನದ ಮೂಳೆ ಸುಟ್ಟು ಮಾಡುತ್ತಾರೆ ಎಂದು ಕೇಳಿದೆ. ನಾವು ಜೈನರು. ಅತ್ತೆಯವರಿಗೆ ಶಸ್ತ್ರಚಿಕಿತ್ಸೆ ಆಗಬೇಕು, ಅವರು ಈ ಮಾತಿನಿಂದ ನೊಂದಿದ್ದಾರೆ.
– ಗೃಹಿಣಿ, ಮೂಡುಬಿದಿರೆ

ಅತ್ತೆಯವರಿಗೆ ಧೈರ್ಯ ಹೇಳಿ. ಲೋಹದ ಮೇಲೆ ಸಿಂಪಡಿಸುವ ಹೈಡ್ರಾಕ್ಸಿಅಪಟೈಟ್ ಪುಡಿಯನ್ನು ಸಾಮಾನ್ಯವಾಗಿ ರಾಸಾಯನಿಕವಾಗಿಯೇ ತಯಾರಿಸುತ್ತಾರೆ. ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ಅರಳಿದ ಸುಣ್ಣದ ತಿಳಿಗೆ ಫಾಸ್ಫಾರಿಕ್ ಆಮ್ಲವನ್ನು ಹನಿಹನಿಯಾಗಿ ಬಿಟ್ಟು, ದ್ರಾವಣ ಆಮ್ಲೀಯವಾಗದಂತೆ ನೋಡಿಕೊಂಡರೆ ಬಿಳಿ ಗಸಿ ಇಳಿಯುತ್ತದೆ. ಅದನ್ನು ಸೋಸಿ, ಒಣಗಿಸಿ, ಕುಲುಮೆಯಲ್ಲಿ ಕಾಯಿಸಿ, ಜರಡಿ ಹಿಡಿಯುತ್ತಾರೆ. ಪ್ರಾಣಿಯ ಸಂಬಂಧ ಇಲ್ಲ. ಸೀಸ, ಆರ್ಸೆನಿಕ್, ಪಾದರಸ, ಕ್ಯಾಡ್ಮಿಯಂ ಎಷ್ಟು ಇರಬಹುದು ಎಂಬುದಕ್ಕೂ ಕಟ್ಟುನಿಟ್ಟಾದ ಮಿತಿ ಇದೆ. ಆರ್ಸೆನಿಕ್‌ಗೆ ಹತ್ತು ಲಕ್ಷದಲ್ಲಿ ಮೂರು ಭಾಗ, ಒಟ್ಟು ಭಾರಲೋಹಗಳಿಗೆ 50 ಭಾಗ.

ಹಾಗೆಂದು ನೀವು ಕೇಳಿದ ಮಾತು ಪೂರ್ತಿ ಸುಳ್ಳೂ ಅಲ್ಲ. ಮೂಳೆಯ ಹಳ್ಳ ತುಂಬಲು ಬಳಸುವ ಹರಳುಗಳಲ್ಲಿ, ಮುಖ್ಯವಾಗಿ ಹಲ್ಲಿನ ಚಿಕಿತ್ಸೆಯಲ್ಲಿ, ದನದ ಮೂಳೆಯಿಂದ ತಯಾರಾದ ಉತ್ಪನ್ನಗಳು ಇವೆ. ಹವಳದಿಂದ ಮಾಡಿದವೂ ಇವೆ. ಕೀಲಿನ ಜೊತೆಗೆ ಮೂಳೆ ತುಂಬುವ ಹರಳು ಅಥವಾ ಪುಡಿ ಏನಾದರೂ ಬಳಸುತ್ತೀರಾ, ಬಳಸಿದರೆ ಅದರ ಮೂಲ ಯಾವುದು ಎಂದು ಶಸ್ತ್ರಚಿಕಿತ್ಸೆಗೆ ಮೊದಲೇ ಕೇಳಿ, ನಿಮ್ಮ ನಿಲುವನ್ನು ಕಡತದಲ್ಲಿ ಬರೆಸಿ. ಸಂಶ್ಲೇಷಿತ ಹರಳುಗಳು ಸಿಗುತ್ತವೆ. ಇದು ಸಂಕೋಚಪಡುವ ವಿಷಯವಲ್ಲ.

ಪ್ರಶ್ನೆ: ನನ್ನ ಹೆಂಡತಿಗೆ ಎರಡೂ ಮಂಡಿ ಬದಲಾಯಿಸಬೇಕು. ಆಸ್ಪತ್ರೆಯಲ್ಲಿ ಚಿನ್ನದ ಬಣ್ಣದ ಮಂಡಿ ತೋರಿಸಿ, ಸೆರಾಮಿಕ್ ಲೇಪ ಇರುವುದರಿಂದ ಅಲರ್ಜಿ ಬರುವುದಿಲ್ಲ, ಹೆಚ್ಚು ಬಾಳುತ್ತದೆ ಎಂದರು. ದರವೂ ಹೆಚ್ಚು. ಅವಳಿಗೆ ಕೃತಕ ಒಡವೆ ಹಾಕಿದರೆ ಕಿವಿ ಕೆರೆಯುತ್ತದೆ ಎಂಬುದು ನಿಜ. ಏನು ಮಾಡಲಿ?
– ಬಟ್ಟೆ ವ್ಯಾಪಾರಿ, ಹುಬ್ಬಳ್ಳಿ

ಆ ಚಿನ್ನದ ಬಣ್ಣ ಟೈಟೇನಿಯಂ ನೈಟ್ರೈಡ್‌ನದು. ಹಾರ್ಡ್‌ವೇರ್ ಅಂಗಡಿಯಲ್ಲಿ ಹೊಂಬಣ್ಣದ ಡ್ರಿಲ್ ಬಿಟ್ ನೋಡಿದ್ದೀರಲ್ಲ, ಅದರ ಮೇಲಿರುವುದೂ ಇದೇ. ಹಾಸನದ ಮೇಷ್ಟರಿಗೆ ವಿವರಿಸಿದ ಲೇಪಕ್ಕೂ ಇದಕ್ಕೂ ಕೆಲಸವೇ ಬೇರೆ. ಅದು ಮೂಳೆಯನ್ನು ಕರೆಯಲು. ಇದು ಲೋಹದ ಅಯಾನುಗಳು ಹೊರಬರದಂತೆ ತಡೆಯಲು, ಸವೆತ ಕಡಿಮೆ ಮಾಡಲು. ನಿರ್ವಾತ ಕೋಣೆಯಲ್ಲಿ ಆವಿಯ ರೂಪದಲ್ಲಿ ಹಚ್ಚುವ ಈ ಪದರ ಕೆಲವೇ ಮೈಕ್ರಾನ್ ದಪ್ಪ, ಬಹಳ ಗಟ್ಟಿ.

ಮಂಡಿಯ ಮೇಲ್ಭಾಗವನ್ನು ಹೆಚ್ಚಾಗಿ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹದಲ್ಲಿ ಮಾಡುತ್ತಾರೆ. ಅದರಲ್ಲಿ ನಿಕಲ್ ಶೇಕಡ ಒಂದರ ಒಳಗೇ ಇರುತ್ತದೆ. ಮುರಿದ ಮೂಳೆಗೆ ಹಾಕುವ ಸ್ಟೀಲ್ ಪ್ಲೇಟಿನಲ್ಲಿ ಶೇ 13ರಿಂದ 15. ನಿಮ್ಮ ಹೆಂಡತಿಯ ಕಿವಿ ಕೆರೆಯುವುದು ಬಹುಶಃ ನಿಕಲ್‌ನಿಂದಲೇ. ಆದರೆ ಚರ್ಮದ ಅಲರ್ಜಿ ಇದ್ದವರೆಲ್ಲರಿಗೂ ಒಳಗಿನ ಕೀಲಿನಿಂದ ತೊಂದರೆ ಆಗುವುದಿಲ್ಲ. ನಿಕಲ್ ಅಲರ್ಜಿ ಇದ್ದೂ ಸಾಧಾರಣ ಮಂಡಿಯೊಂದಿಗೆ ಸುಖವಾಗಿ ನಡೆದಾಡುವವರು ಬಹಳ ಮಂದಿ. ಮೊದಲು ಚರ್ಮರೋಗ ತಜ್ಞರಲ್ಲಿ ಪ್ಯಾಚ್ ಪರೀಕ್ಷೆ (ಲೋಹದ ಅಂಶವನ್ನು ಚರ್ಮಕ್ಕೆ ಅಂಟಿಸಿ ನೋಡುವುದು) ಮಾಡಿಸಿ, ಫಲಿತಾಂಶವನ್ನು ಶಸ್ತ್ರವೈದ್ಯರ ಮುಂದಿಡಿ. ಅಲರ್ಜಿ ತೀವ್ರವಾಗಿದೆ ಎಂದಾದರೆ ಲೇಪದ ಮಂಡಿ ಕೇಳುವುದರಲ್ಲಿ ಅರ್ಥವಿದೆ. ಇಲ್ಲದಿದ್ದರೆ, ಹೆಚ್ಚು ಬಾಳುತ್ತದೆ ಎಂಬ ಒಂದೇ ಮಾತಿಗೆ ಹಣ ಸುರಿಯಬೇಡಿ. ಲೇಪವಿದ್ದ ಮತ್ತು ಇಲ್ಲದ ಮಂಡಿಗಳನ್ನು ಹೋಲಿಸಿ ನೋಡಿದ ಪ್ರಯೋಗಗಳಲ್ಲಿ ನೋವಿನಲ್ಲಾಗಲಿ ನಡಿಗೆಯಲ್ಲಾಗಲಿ ಹೇಳಿಕೊಳ್ಳುವಂಥ ಅಂತರ ಕಂಡಿಲ್ಲ. ಮೃದು ಲೋಹದ ಮೇಲೆ ಅತಿ ಗಟ್ಟಿಯಾದ ತೆಳು ಪದರ ಎಂದರೆ ಗೀರು ಬಿದ್ದ ಕಡೆ ಏಳುವ ಅಪಾಯವೂ ಜೊತೆಗಿರುತ್ತದೆ.

ಈ ವಿಷಯದಲ್ಲಿ ನನಗೆ ಹೆಚ್ಚು ಹಿಡಿಸಿದ ಉಪಾಯ ಆಕ್ಸಿಡೀಕರಿಸಿದ ಜಿರ್ಕೋನಿಯಂ. ಶೇ 2.5 ನಯೋಬಿಯಂ ಬೆರೆತ ಜಿರ್ಕೋನಿಯಂ ಲೋಹವನ್ನು ಗಾಳಿಯಲ್ಲಿ 500 ಡಿಗ್ರಿಗೂ ಮೇಲೆ ಕಾಯಿಸಿದರೆ ಅದರ ಮೈಯೇ ಸುಮಾರು ಐದು ಮೈಕ್ರಾನಿನಷ್ಟು ಆಳಕ್ಕೆ ಕರಿ ಸೆರಾಮಿಕ್ ಆಗಿ ಬದಲಾಗುತ್ತದೆ. ಹೊರಗಿನಿಂದ ತಂದು ಅಂಟಿಸಿದ್ದಲ್ಲ, ಒಳಗಿನಿಂದ ಬೆಳೆದದ್ದು. ಅಂಟಿನ ಪರೀಕ್ಷೆಯಲ್ಲೇ ಆಯುಷ್ಯ ಕಳೆದ ನನ್ನಂಥವಳಿಗೆ ಇದಕ್ಕಿಂತ ಸೊಗಸಾದ ಪರಿಹಾರ ಕಾಣದು.

ದರದ ಬಗ್ಗೆ: 2017ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರ ಮಂಡಿಯ ಇಂಪ್ಲಾಂಟ್‌ಗಳಿಗೆ ಗರಿಷ್ಠ ಬೆಲೆ ಗೊತ್ತು ಮಾಡಿತು. ಆಗ ಸಾಧಾರಣ ಕೋಬಾಲ್ಟ್-ಕ್ರೋಮಿಯಂ ಮಂಡಿಗೆ 54,720 ರೂಪಾಯಿ, ಟೈಟೇನಿಯಂ ಮತ್ತು ಆಕ್ಸಿಡೀಕರಿಸಿದ ಜಿರ್ಕೋನಿಯಂನಂಥ ವಿಶೇಷ ಲೋಹಕ್ಕೆ 76,600 ರೂಪಾಯಿ, ಜಿಎಸ್‌ಟಿ ಬೇರೆ. ಆ ನಿಯಂತ್ರಣದ ಅವಧಿ ವಿಸ್ತರಣೆಯಾಗುತ್ತ ಬಂದಿದೆ; ಈಗಿನ ಮಿತಿಯನ್ನು ಪ್ರಾಧಿಕಾರದ ಜಾಲತಾಣದಲ್ಲಿ ನೋಡಿಕೊಂಡು, ಚಿನ್ನದ ಬಣ್ಣದ ಮಂಡಿಯನ್ನು ಯಾವ ವರ್ಗದಲ್ಲಿ ಬಿಲ್ ಮಾಡುತ್ತೀರಿ ಎಂದು ಲಿಖಿತವಾಗಿ ಕೇಳಿ. ನೀವು ವ್ಯಾಪಾರಿಗಳು, ಬಿಲ್ ಓದುವುದನ್ನು ನಾನು ಹೇಳಿಕೊಡಬೇಕಾಗಿಲ್ಲ.

ಪ್ರಶ್ನೆ: ಎಂ.ಟೆಕ್ ಯೋಜನೆಗಾಗಿ ಟೈಟೇನಿಯಂ ತುಣುಕಿನ ಮೇಲೆ ಎಲೆಕ್ಟ್ರೋಫೊರೆಟಿಕ್ ವಿಧಾನದಲ್ಲಿ (ದ್ರವದಲ್ಲಿ ತೇಲುವ ಪುಡಿಯನ್ನು ವಿದ್ಯುತ್ತಿನಿಂದ ಲೋಹದ ಮೇಲೆ ಕೂರಿಸುವುದು) ಹೈಡ್ರಾಕ್ಸಿಅಪಟೈಟ್ ಲೇಪಿಸಿದ್ದೇನೆ. ಕೃತಕ ದೇಹದ್ರವದಲ್ಲಿ ಮುಳುಗಿಸಿಟ್ಟಾಗ ಅಪಟೈಟ್ (ಮೂಳೆಯ ಜಾತಿಯ ಖನಿಜ) ಬೆಳೆಯಿತು. ಕೋಶ ಪರೀಕ್ಷೆಯಲ್ಲೂ ಕೋಶಗಳು ಬದುಕಿದವು. ಲೇಪ ಜೈವಿಕವಾಗಿ ಹೊಂದಿಕೊಳ್ಳುತ್ತದೆ ಎಂದು ಪ್ರಬಂಧದಲ್ಲಿ ಬರೆಯಬಹುದೇ?
– ವಿದ್ಯಾರ್ಥಿನಿ, ದಾವಣಗೆರೆ

ಬರೆಯಬೇಡಮ್ಮ. ನಿನ್ನ ಕೆಲಸ ಚೆನ್ನಾಗಿದೆ, ಆದರೆ ಆ ವಾಕ್ಯ ನಿನ್ನ ಪರೀಕ್ಷೆಗಳು ಹೊರಲಾರದಷ್ಟು ಭಾರದ್ದು.

ಕೋಶ ಪರೀಕ್ಷೆಯನ್ನು ತೆಗೆದುಕೋ. ಲೇಪವನ್ನು ಪೋಷಕ ದ್ರವದಲ್ಲಿ 37 ಡಿಗ್ರಿಯಲ್ಲಿ ಇಟ್ಟು, ಆ ದ್ರವವನ್ನು ಪ್ರಯೋಗಾಲಯದಲ್ಲಿ ಬೆಳೆಸುವ ಎಲ್929 ಎಂಬ ಇಲಿಯ ಕೋಶಗಳ ಮೇಲೆ ಹಾಕಿದಾಗ ಶೇ 70ಕ್ಕಿಂತ ಹೆಚ್ಚು ಕೋಶಗಳು ಬದುಕಿದರೆ ವಿಷವಲ್ಲ ಎಂದು ಮಾನದಂಡ ಹೇಳುತ್ತದೆ. ಅದೇ ಪರೀಕ್ಷೆಯಲ್ಲಿ ಪಾಲಿಎಥಿಲೀನ್ ತುಂಡನ್ನು ವಿಷವಿಲ್ಲದ ಮಾದರಿ ಎಂದು ಬಳಸುತ್ತೇವೆ. ಅಂದರೆ ನಿನ್ನ ಲೇಪ ಒಂದು ಪ್ಲಾಸ್ಟಿಕ್ ತುಂಡಿನಷ್ಟು ನಿರುಪದ್ರವಿ ಎಂದಾಯಿತು, ಮೂಳೆ ಅದಕ್ಕೆ ಬೆಸೆಯುತ್ತದೆ ಎಂದಾಗಲಿಲ್ಲ. ಕೃತಕ ದೇಹದ್ರವ ಕ್ಯೋಟೋದ ಕೊಕುಬೊ ರೂಪಿಸಿದ್ದು, ಅದರ ಅಯಾನುಗಳು ರಕ್ತದ ಪ್ಲಾಸ್ಮಾಕ್ಕೆ ಬಹುಪಾಲು ಸಮ. ಆದರೆ ಅದರಲ್ಲಿ ಪ್ರೋಟೀನು ಇಲ್ಲ, ಕೋಶ ಇಲ್ಲ, ಹೆಜ್ಜೆಯ ಭಾರ ಇಲ್ಲ. ಅಪಟೈಟ್ ಬೆಳೆದದ್ದು ಒಳ್ಳೆಯ ಸೂಚನೆ, ಸಾಕ್ಷ್ಯವಲ್ಲ. 1986ರಲ್ಲಿ ಇಂಗ್ಲೆಂಡಿನ ಚೆಸ್ಟರ್‌ನಲ್ಲಿ ಸೇರಿದ ತಜ್ಞರು ಒಂದು ವಸ್ತು ದೇಹಕ್ಕೆ ಹೊಂದುತ್ತದೆಯೇ ಎಂಬುದನ್ನು ಅದನ್ನು ಯಾವ ಕೆಲಸಕ್ಕೆ, ಎಲ್ಲಿ ಇಡುತ್ತೇವೆ ಎಂಬುದರೊಂದಿಗೇ ತೀರ್ಮಾನಿಸಬೇಕು ಎಂದು ಒಪ್ಪಿದರು. ನಿನ್ನ ಲೇಪದ ಕೆಲಸ ಯಾವುದು? ಹಲ್ಲಿನ ತಿರುಪೇ, ಸೊಂಟದ ಕಾಂಡವೇ? ಅಲ್ಲಿಂದ ಶುರು ಮಾಡು.

ನಾನು ನಿನ್ನ ಪರೀಕ್ಷಕಿಯಾಗಿದ್ದರೆ ಮೊದಲು ಕೇಳುತ್ತಿದ್ದದ್ದು ಕೋಶಗಳ ವಿಷಯವನ್ನಲ್ಲ, ಕುಲುಮೆಯ ವಿಷಯವನ್ನು. ಎಲೆಕ್ಟ್ರೋಫೊರೆಟಿಕ್ ಲೇಪ ಒಣಗಿದಾಗ ಬರಿಯ ಪುಡಿಯ ಪದರ. ಉಗುರಿನಲ್ಲಿ ಗೀರಿದರೆ ಬರುತ್ತದೆ. ಅದನ್ನು ಬೆಸೆಯಲು ಕಾಯಿಸಬೇಕು. ಹೆಚ್ಚು ಕಾಯಿಸಿದರೆ ಶುದ್ಧ ಟೈಟೇನಿಯಂ 882 ಡಿಗ್ರಿಯಲ್ಲಿ ತನ್ನ ಹರಳು ರಚನೆಯನ್ನೇ ಬದಲಿಸುತ್ತದೆ, ಗಾಳಿಯಲ್ಲಿ ಕಾಯಿಸಿದರೆ ಆಮ್ಲಜನಕ ಹೀರಿ ಪೆಡಸಾಗುತ್ತದೆ, ಮೇಲಾಗಿ ಟೈಟೇನಿಯಂ ತಾಗಿದ ಕಡೆ ಹೈಡ್ರಾಕ್ಸಿಅಪಟೈಟ್ ಬೇಗ ಒಡೆಯುತ್ತದೆ. ಈ ಇಕ್ಕಟ್ಟಿನಲ್ಲಿ ನೀನು ಯಾವ ತಾಪವನ್ನು ಆರಿಸಿದೆ, ಏಕೆ, ಎಂಬುದೇ ನಿನ್ನ ಪ್ರಬಂಧದ ಜೀವಾಳ. ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ.

ಎಳೆತದ ಪರೀಕ್ಷೆ ಮಾಡು. ಮುಳುಗಿಸುವ ಮೊದಲು ಒಮ್ಮೆ, ಮುಳುಗಿಸಿ ತೆಗೆದ ಮೇಲೆ ಒಮ್ಮೆ. ದ್ರವದಲ್ಲಿ ಇದ್ದು ಬಂದ ಲೇಪದ ಅಂಟು ಕಡಿಮೆಯಾಗಿಯೇ ಇರುತ್ತದೆ, ಎಷ್ಟು ಕಡಿಮೆ ಎಂಬುದನ್ನು ಬರೆ. ಬಿಟ್ಟ ಮುಖಗಳ ಫೋಟೋ ಹಾಕು. ಲೇಪವಿಲ್ಲದ ಅದೇ ಲೋಹದ ತುಣುಕನ್ನು ಪ್ರತಿ ಪರೀಕ್ಷೆಯಲ್ಲೂ ಜೊತೆಗಿಡು. ಪ್ರತಿ ವರ್ಷ ಎಷ್ಟೋ ಕಾಲೇಜುಗಳಲ್ಲಿ ಇಂಥ ಲೇಪಗಳು ತಯಾರಾಗುತ್ತವೆ, ಬೀಕರಿನಲ್ಲಿ ಮುಳುಗುತ್ತವೆ, ಪ್ರಬಂಧವಾಗಿ ಕಪಾಟು ಸೇರುತ್ತವೆ. ಅಂಟಿನ ಸಂಖ್ಯೆ ಇಲ್ಲದ ಪ್ರಬಂಧವನ್ನು ಲೇಪನ ಘಟಕದವರು ಎರಡನೇ ಪುಟಕ್ಕೆ ಮುಚ್ಚಿಡುತ್ತಾರೆ, ನನಗೆ ಅದು ನೋವಿನ ಸಂಗತಿ. ಮುಂದಿನ ಹೆಜ್ಜೆ ಇಡುವ ಮನಸ್ಸಿದ್ದರೆ ತಿರುವನಂತಪುರದ ಶ್ರೀ ಚಿತ್ರ ತಿರುನಾಳ್ ಸಂಸ್ಥೆಯಲ್ಲಿ ಮಾನದಂಡದ ಪ್ರಕಾರ ಜೈವಿಕ ಪರೀಕ್ಷೆ ಮಾಡುವ ವ್ಯವಸ್ಥೆ ಇದೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೈವಿಕ ವಸ್ತುಗಳ ಮೇಲೆ ಕೆಲಸ ಮಾಡುವವರಿದ್ದಾರೆ. ಮಾರ್ಗದರ್ಶಕರ ಮೂಲಕ ಬರೆದು ಕೇಳು.

ಪ್ರಶ್ನೆ: ಬೈಕ್ ಅಪಘಾತದಲ್ಲಿ ಕಾಲು ಮುರಿದು, ಹೊರಗಿನಿಂದ ಸರಳು ಕಟ್ಟಿ ಮೂಳೆಗೆ ಪಿನ್ ಹಾಕಿದ್ದಾರೆ. ಎರಡು ಪಿನ್ ಸಡಿಲವಾಗಿ ಕೀವು ಬಂತು. ಲೇಪವಿರುವ ಪಿನ್ ಇದೆಯಂತೆ, ಅದನ್ನು ಹಾಕಿಸಲೇ? ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಅದರಿಂದ ಲೇಪ ಹಾಳಾಗುತ್ತದೆಯೇ?
– ರೈತ, ಪಾವಗಡ

ಕೀವು ಬಂದಿದೆ ಎಂದ ಮೇಲೆ ಲೇಪದ ಯೋಚನೆ ಆಮೇಲೆ. ಈ ಪತ್ರಿಕೆ ಕೈ ಸೇರುವಷ್ಟರಲ್ಲಿ ವೈದ್ಯರಿಗೆ ತೋರಿಸಿರುತ್ತೀರಿ ಎಂದು ನಂಬಿದ್ದೇನೆ, ಇಲ್ಲವಾದರೆ ಇವತ್ತೇ ಹೋಗಿ.

ಲೇಪದ ಪಿನ್ ಇರುವುದು ನಿಜ. ಹೈಡ್ರಾಕ್ಸಿಅಪಟೈಟ್ ತನ್ನ ಗುಣವನ್ನು ಅತ್ಯಂತ ಸ್ಪಷ್ಟವಾಗಿ ತೋರಿಸಿದ ಜಾಗಗಳಲ್ಲಿ ಇದೂ ಒಂದು. ಇಟಲಿಯ ಬೊಲೋನ್ಯದಲ್ಲಿ ಮೊರೋನಿ ಮತ್ತು ಸಂಗಡಿಗರು ಬರಿಯ ಪಿನ್ನನ್ನೂ ಲೇಪದ ಪಿನ್ನನ್ನೂ ಹೋಲಿಸಿ ನೋಡಿದಾಗ, ಲೇಪದ ಪಿನ್‌ಗಳು ಸಡಿಲವಾಗಲಿಲ್ಲ, ತಿರುಗಿಸಿ ತೆಗೆಯಲು ಹೆಚ್ಚು ಬಲ ಬೇಕಾಯಿತು. ಮೂಳೆ ಮೆದುವಾದ ವಯಸ್ಸಾದವರಿಗೆ, ಸರಳು ಬಹಳ ತಿಂಗಳು ಇರಬೇಕಾದವರಿಗೆ ಇದರಿಂದ ಲಾಭ. ಆದರೆ ಅಷ್ಟು ಗಟ್ಟಿಯಾಗಿ ಹಿಡಿದದ್ದನ್ನು ಕೊನೆಗೆ ತೆಗೆಯಬೇಕಲ್ಲ, ಆಗ ನೋವು ಹೆಚ್ಚು. ಕೆಲವೇ ವಾರಗಳ ಕೆಲಸವಾದರೆ ಲೇಪ ಬೇಡ ಎಂದು ವೈದ್ಯರು ಹೇಳಿದರೆ ಅವರ ಮಾತು ಸರಿ.

ಫ್ಲೋರೈಡ್ ಲೇಪವನ್ನು ಕರಗಿಸುವುದಿಲ್ಲ. ಫ್ಲೋರೈಡ್ ಸೇರಿದ ಅಪಟೈಟ್ ಕರಗುವುದು ಇನ್ನೂ ನಿಧಾನ. ನೀವು ಯೋಚಿಸಬೇಕಾದ್ದು ಲೇಪದ ಬಗ್ಗೆ ಅಲ್ಲ, ನಿಮ್ಮ ಮೂಳೆಯ ಬಗ್ಗೆ. ವರ್ಷಗಟ್ಟಲೆ ಫ್ಲೋರೈಡ್ ನೀರು ಕುಡಿದ ಮೂಳೆ ಎಕ್ಸ್-ರೇಯಲ್ಲಿ ದಟ್ಟವಾಗಿ, ಗಟ್ಟಿಯಾಗಿ ಕಾಣುತ್ತದೆ, ಆದರೆ ಪೆಡಸಾಗಿರುತ್ತದೆ. ಪಿನ್ ಕೊರೆಯುವವರಿಗೆ ಇದು ಗೊತ್ತಿರಬೇಕು. ಬೆಂಗಳೂರಿನ ಆಸ್ಪತ್ರೆಗೆ ಹೋದರೆ ಪಾವಗಡದ ನೀರಿನ ಕಥೆ ಅಲ್ಲಿನ ವೈದ್ಯರಿಗೆ ತಾನಾಗಿ ಹೊಳೆಯಲಿಕ್ಕಿಲ್ಲ. ನೀವೇ ಬಾಯಿ ಬಿಟ್ಟು ಹೇಳಿ, ಹಲ್ಲಿನ ಮೇಲೆ ಕಂದು ಕಲೆ ಇದ್ದರೆ ತೋರಿಸಿ.

ಪ್ರಶ್ನೆ: ತಂದೆಯವರಿಗೆ ಹಾಕಿದ ಸೊಂಟದ ಕೀಲು ಯಾವುದು, ಅದರ ಮೇಲೆ ಯಾವ ಲೇಪ ಇತ್ತು ಎಂದು ಈಗ ಬೇರೆ ವೈದ್ಯರು ಕೇಳುತ್ತಿದ್ದಾರೆ. ನಮ್ಮ ಬಳಿ ಬಿಲ್ ಮಾತ್ರ ಇದೆ. ತಿಳಿಯುವುದು ಹೇಗೆ?
– ಬ್ಯಾಂಕ್ ಉದ್ಯೋಗಿ, ಕಲಬುರಗಿ

ಇಂಪ್ಲಾಂಟ್ ಬರುವ ಪೆಟ್ಟಿಗೆಯೊಳಗೆ ಅಂಟುಚೀಟಿಗಳು ಇರುತ್ತವೆ. ತಯಾರಕರ ಹೆಸರು, ಮಾದರಿ ಸಂಖ್ಯೆ, ಅಳತೆ, ತಯಾರಿಕೆಯ ಬ್ಯಾಚ್ ಸಂಖ್ಯೆ ಎಲ್ಲವೂ ಅದರಲ್ಲಿ ಮುದ್ರಿತವಾಗಿರುತ್ತವೆ. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಅವುಗಳನ್ನು ರೋಗಿಯ ಕಡತಕ್ಕೆ ಅಂಟಿಸುವ ರೂಢಿ ಇದೆ. ಹಳೆಯ ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ತಂದೆಯವರ ನೋಂದಣಿ ಸಂಖ್ಯೆ, ಶಸ್ತ್ರಚಿಕಿತ್ಸೆಯ ದಿನಾಂಕ ಬರೆದು ಆ ಪುಟದ ಪ್ರತಿ ಕೇಳಿ. ಬಿಲ್‌ನಲ್ಲಿ ಇಂಪ್ಲಾಂಟ್ ಸರಬರಾಜುದಾರರ ಇನ್‌ವಾಯ್ಸ್ ಸಂಖ್ಯೆ ಇದ್ದರೆ ಅಲ್ಲಿಂದಲೂ ದಾರಿ ಸಿಗುತ್ತದೆ. ಮಾದರಿ ಸಂಖ್ಯೆ ಸಿಕ್ಕರೆ ಲೇಪ ಯಾವುದು, ಎಷ್ಟು ದಪ್ಪ ಎಂಬುದು ತಯಾರಕರ ಕೈಪಿಡಿಯಲ್ಲಿ ಇರುತ್ತದೆ.

ಕೀಲಿನಿಂದ ತೊಂದರೆ ಆಗಿದೆ ಎಂದು ಹೊಸ ವೈದ್ಯರಿಗೆ ಅನಿಸಿದರೆ, ಅದನ್ನು ವೈದ್ಯಕೀಯ ಸಾಧನಗಳಿಂದಾಗುವ ತೊಂದರೆಗಳನ್ನು ದಾಖಲಿಸುವ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮಕ್ಕೆ ವರದಿ ಮಾಡಲು ಹೇಳಿ. 2015ರಲ್ಲಿ ಆರಂಭವಾದ ಈ ವ್ಯವಸ್ಥೆಯನ್ನು ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯ ಕಮಿಷನ್ ನೋಡಿಕೊಳ್ಳುತ್ತದೆ, ರೋಗಿಯ ಕಡೆಯವರೂ ವರದಿ ಕಳುಹಿಸಬಹುದು. ಆ ವರದಿಯ ನಮೂನೆಯಲ್ಲೂ ಕೇಳುವುದು ಅದೇ ಚೀಟಿಯ ಮೇಲಿನ ಸಂಖ್ಯೆಗಳನ್ನು. ಆದ್ದರಿಂದ ದಾಖಲೆ ವಿಭಾಗಕ್ಕೆ ಬರೆಯುವ ಪತ್ರವನ್ನು ಈ ವಾರವೇ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ರಸೀದಿ ಇಟ್ಟುಕೊಳ್ಳಿ.